ಅಪ್ಪನ ಜೊತೆ ನಿಂತವರಿಗೆ

ಅಪ್ಪನ ವೈಕುಂಠ ಸಮಾರಾಧನೆ ಮುಗಿಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ರಕ್ತ ಕೊಟ್ಟ ಹುಡುಗರಿಗೆ, ಅಡುಗೆ ಹೊಣೆ ಹೊತ್ತ ಚಿಕ್ಕಮ್ಮನಿಗೆ, ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯ ಹಳೇ ಗೆಳೆಯರಿಗೆ ನಮ್ಮೆಲ್ಲರ ನಮಸ್ಕಾರ. ಆಸ್ಪತ್ರೆಯ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ಆದರೆ ಗ್ಯಾರೇಜಿನ ಭಾಯ್ ಬಗ್ಗೆ ಹೇಳಲೇಬೇಕು.

ಆ ರಾತ್ರಿ ಅಪ್ಪನಿಗೆ ಜ್ವರ ನೆತ್ತಿಗೇರಿತ್ತು. 'ಗಾಡಿ ತೆಗಿ, ಊಟಿಗೆ ಹೋಗಬೇಕು' ಅಂತ ಒಂದೇ ಹಠ. ಕೈಗೆ ಹಾಕಿದ್ದ ಡ್ರಿಪ್ ಕಿತ್ತುಹಾಕಿದರು. ನಾನು, ತಮ್ಮ ಇಬ್ಬರೂ ಸೇರಿ ಹಿಡಿದರೂ ಆಗಲಿಲ್ಲ. ಅಂಗಡಿ ಮುಚ್ಚಿ ಫ್ಲಾಸ್ಕಿನಲ್ಲಿ ಟೀ ತಂದಿದ್ದ ಭಾಯ್, ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಅಪ್ಪನ ಕೈ ಹಿಡಿದರು. 'ಹತ್ತಿ ಅಣ್ಣಾ, ಹೊರಡೋಣ' ಅಂದರು.

ಹೊರಟೇಬಿಟ್ಟರು. ಪೆಟ್ರೋಲಿಗೆ ಆಯಿಲ್ ಬೆರೆಸಿದರು. ಕಿಕ್ ಹೊಡೆದ ಲಿವರನ್ನೇ ಇಳಿಸಿ ಗೇರ್ ಹಾಕಿದರು. ನಂಜನಗೂಡು, ಕಪಿಲಾ ಸೇತುವೆ, ಬೇಗೂರು, ಗುಂಡ್ಲುಪೇಟೆಯಲ್ಲಿ ಟೀ. ಎಲ್ಲ ಬಾಯಲ್ಲೇ. ಬಂಡೀಪುರ ಹತ್ತಿರ ಬಂದಾಗ ಅಪ್ಪನಿಗೆ ಕಳವಳ ಶುರುವಾಯಿತು. 'ಒಂಬತ್ತಾಯ್ತೇನೋ, ಗೇಟ್ ಹಾಕಿಬಿಡ್ತಾರೆ.' 2009ರಿಂದ ರಾತ್ರಿ ಒಂಬತ್ತಕ್ಕೆ ಆ ದಾರಿ ಬಂದ್, ಅದು ಜ್ವರದಲ್ಲೂ ಅಪ್ಪನಿಗೆ ನೆನಪಿತ್ತು. 'ಇನ್ನೂ ಟೈಮಿದೆ ಅಣ್ಣಾ' ಅಂದರು ಭಾಯ್. ಆಗ ನಡುರಾತ್ರಿ ಎರಡು ಗಂಟೆ.

ತೆಪ್ಪಕಾಡು, ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟ್. ಅಲ್ಲಿನ 36 ತಿರುವುಗಳನ್ನು ಒಂದೊಂದಾಗಿ ಎಣಿಸತೊಡಗಿದರು. ಇಪ್ಪತ್ತು ದಾಟುವ ಹೊತ್ತಿಗೆ ಅಪ್ಪನ ಉಸಿರು ಹದಕ್ಕೆ ಬಂತು, ನಿದ್ದೆ ಹತ್ತಿತು. ಭಾಯ್ ನಿಲ್ಲಿಸಲಿಲ್ಲ. 36 ಮುಗಿಸಿಯೇ ಕೈ ಬಿಟ್ಟರು. ಬೆಳಗಿನ ನಮಾಜು ಮುಗಿಸಿ, ನಿದ್ದೆ ಇಲ್ಲದೆಯೇ ಗ್ಯಾರೇಜಿಗೆ ಹೋದರು.

ಅಪ್ಪ ಯಾರ ಮಾತಿಗೂ ಸಿಗುತ್ತಿರಲಿಲ್ಲ. ತಾವು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲೇ ತಯಾರಾದ ಯೆಜ್ಡಿ ರೋಡ್‌ಕಿಂಗ್ ಬೈಕ್ ಏರಿ ಹೊರಟರೆ ವಾಪಸ್ ಯಾವಾಗ ಅಂತ ಅಮ್ಮನಿಗೂ ಗೊತ್ತಿರುತ್ತಿರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ತಿರುಗಾಟ ನಿಲ್ಲಲಿಲ್ಲ. ಅಮ್ಮ ಹೊಲಿಗೆ ಮಿಷನ್ ತುಳಿದು ನಮ್ಮ ಫೀಸು ಕಟ್ಟಿದಳು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಅಪ್ಪ ಇಲ್ಲ ಅನ್ನುವ ಸಂಕಟವೂ ಹೋಗುತ್ತಿಲ್ಲ. ಎರಡೂ ಒಟ್ಟಿಗೇ ಬರುತ್ತವೆ, ಜಾಸ್ತಿ ರಾತ್ರಿ ಹೊತ್ತು.

ನನ್ನ ಮಗಳು ಹುಟ್ಟಿದ ಮೇಲೆ ಮಾತ್ರ ಕತ್ತಲಾಗುವುದರೊಳಗೆ ಮನೆ ಸೇರುತ್ತಿದ್ದರು. ಚಾಮುಂಡಿ ಬೆಟ್ಟದ ನಂದಿ ಹತ್ತಿರ ಅವಳಿಗೆ ಚುರುಮುರಿ ಕೊಡಿಸುತ್ತಿದ್ದರು. ಸ್ಪಾರ್ಕ್ ಪ್ಲಗ್ಗಿಗೆ ಉಪ್ಪುಕಾಗದ ಉಜ್ಜುವುದನ್ನು ಕಲಿಸಿದ್ದರು. ತಾತ ಅಂದರೆ ಅವಳಿಗೆ ಗ್ರೀಸ್ ವಾಸನೆ.

ಭಾಯ್, ದುಡ್ಡಿನ ಮಾತೆತ್ತಿದರೆ ನೀವು ಬೈದಿರಿ. ಹಾಗಾಗಿ ಎಲ್ಲರೆದುರು ಹೇಳುತ್ತಿದ್ದೇನೆ: ಗಾಡಿ ಇನ್ನು ನಿಮ್ಮದು. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಬೇಕು ಅನ್ನುವುದು ಅಮ್ಮನ ತೀರ್ಮಾನ, ಬೇಡ ಅನ್ನಬೇಡಿ. ಜುಲೈ ಎರಡನೇ ಭಾನುವಾರ ಜಾವಾ, ಯೆಜ್ಡಿ ಬೈಕಿನವರೆಲ್ಲ ಸೇರುವ ಜಾವಾ ದಿನ ಅಲ್ವಾ, ಅವತ್ತು ನಿಮ್ಮ ಹಿಂದೆ ನನ್ನ ಮಗಳು ಕೂರುತ್ತಾಳಂತೆ. ಹೆಲ್ಮೆಟ್ ಆಗಲೇ ತಂದಿಟ್ಟಿದ್ದಾಳೆ.