ಬಾಯಿಬಿಟ್ಟು ಹೇಳಿದವರಿಗೆಲ್ಲ

ಕೊಡಗಿನಲ್ಲಿ ಈ ಸಲದ ರೊಬಸ್ಟಾ ಕಾಫಿ ಕೊಯ್ಲು ಮುಗಿಯಿತು, ತೋಟಗಳು ಗಿಡಗಳನ್ನು ಅರಳಿಸುವ ಹೂಮಳೆಗೆ ಕಾಯುತ್ತಿವೆ. ಕೊಯ್ಲಿನ ಉದ್ದಕ್ಕೂ ಕೂಲಿಯವರ ಲೈನ್ ಮನೆಗಳಲ್ಲಿ, ಕಣದ ಬದಿಯಲ್ಲಿ ಮೂಲವ್ಯಾಧಿಯ (ಪೈಲ್ಸ್) ಬಗ್ಗೆ ಮಾತಾಡಲು ಜಾಗ ಮಾಡಿಕೊಟ್ಟವರಿಗೆ, ಅವರಿಗಿಂತ ಮೊದಲು "ನನಗೂ ಉಂಟು" ಎಂದು ಬಾಯಿಬಿಟ್ಟವರಿಗೆ, ಆರೋಗ್ಯ ಕಾರ್ಯಕರ್ತರಾದ ನಮ್ಮೆಲ್ಲರ ನಮಸ್ಕಾರ. ಎಲ್ಲಿ ನೋವು, ಎಷ್ಟು ರಕ್ತ, ಯಾವ ಬಣ್ಣ ಎಂದು ನೀವು ಬಿಡಿಸಿ ಹೇಳಿದ್ದರಿಂದಲೇ ಯಾರಿಗೆ ಬಿಸಿನೀರಿನಲ್ಲಿ ಕೂತರೆ ಸಾಕು, ಯಾರು ಆಸ್ಪತ್ರೆಗೆ ಹೋಗಬೇಕು ಎಂದು ಬೇರ್ಪಡಿಸಲು ಆಯಿತು.

ಅಡುಗೆಮನೆಯ ಅಕ್ಕಂದಿರಿಗೆ ಮೊದಲ ಋಣ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬು ಎನ್ನುವ ಊರಿನಲ್ಲಿ ನಾರಿನ ಲೆಕ್ಕ ಹೇಳುವುದು ಸುಲಭವಲ್ಲ. ಒಂದು ಕಪ್ ಬಿಳಿ ಅನ್ನದಲ್ಲಿ ನಾರು 1 ಗ್ರಾಂ ಕೂಡ ಇಲ್ಲ. ಅಷ್ಟೇ ಬೆಂದ ಹೆಸರುಕಾಳು, ಅಲಸಂದೆಯಲ್ಲಿ 10 ಗ್ರಾಂ ದಾಟುತ್ತದೆ. ದಿನಕ್ಕೆ ಬೇಕಾದದ್ದು 25ರಿಂದ 30 ಗ್ರಾಂ. ರೊಟ್ಟಿಯನ್ನು ಬಿಡಿಸಲು ಹೋಗದೆ ಅದರ ಪಕ್ಕಕ್ಕೆ ಕಾಳಿನ ಪಲ್ಯ, ಸೊಪ್ಪು, ಒಂದು ಸೀಬೆಹಣ್ಣು ಇಟ್ಟ ನಿಮ್ಮ ಜಾಣತನ ದೊಡ್ಡದು. ಹಂದಿಮಾಂಸದ ಪಂದಿ ಕರಿಯಿಂದ ಮೂಲವ್ಯಾಧಿ ಬರುತ್ತದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ತರಕಾರಿಯೇ ಇಲ್ಲದ ಊಟ, ಮೇಲೆ ಮದ್ಯ, ನೀರು ಕಡಿಮೆ: ಇವು ಸೇರಿದರೆ ಮಲ ಗಟ್ಟಿಯಾಗುತ್ತದೆ. ತಿಣುಕಿ ಕೂತಾಗ, ಗುದದ್ವಾರದ ಒಳಗೆ ಎಲ್ಲರಿಗೂ ಇರುವ ರಕ್ತನಾಳಗಳ ಮೆತ್ತೆ ಊದಿ ಕೆಳಗೆ ಜಾರುತ್ತದೆ.

ಮಲ ಸಡಿಲಿಸುವ ನಾರಿನ ಹೊಟ್ಟು ಇಸಬಗೋಲ್ ಕುಡಿದು "ಹೊಟ್ಟೆ ಉಬ್ಬಿತು" ಎಂದು ದೂರು ತಂದವರಿಗೂ ಥ್ಯಾಂಕ್ಸ್, ತಪ್ಪು ಎಲ್ಲಿ ಆಗುತ್ತದೆಂದು ಗೊತ್ತಾದದ್ದು ನಿಮ್ಮಿಂದ. ಮೊದಲ ದಿನವೇ ಎರಡು ದೊಡ್ಡ ಚಮಚ ಹಾಕಬಾರದು. ಒಂದು ಟೀ ಚಮಚ ಹೊಟ್ಟನ್ನು 250 ಮಿ.ಲೀ. ನೀರಿನಲ್ಲಿ ಕದಡಿ, ಗಟ್ಟಿಯಾಗುವ ಮುಂಚೆ ಕುಡಿದು, ಹಿಂದೆಯೇ ಇನ್ನೊಂದು ಲೋಟ ನೀರು. ವಾರ ಕಳೆದ ಮೇಲೆ ದಿನಕ್ಕೆ ಎರಡು ಸಲ. ನೀರು ಕಡಿಮೆಯಾದರೆ ಅದು ಅಂಟಿನಂತೆ ಕೂತು ಮಲವನ್ನು ಇನ್ನಷ್ಟು ಕಟ್ಟುತ್ತದೆ. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುಂಗಲು ತೊಂದರೆ ಇರುವವರಿಗೆ ಇದು ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಮಲ ಸಡಿಲವಾಗಲು ಎರಡು ಮೂರು ದಿನ, ರಕ್ತ ಹೋಗುವುದು ಕಡಿಮೆಯಾಗಲು ಕೆಲವು ವಾರ ಹಿಡಿಯುತ್ತದೆ.

ಕೆಲಸದ ನಡುವೆ ಶೌಚಕ್ಕೆ ಹೋಗಲು ಬಿಟ್ಟ ಮೇಸ್ತ್ರಿಗಳಿಗೆ, ಸಾಲಿನ ಕೊನೆಗೆ ಕುಡಿಯುವ ನೀರು ಇಡಿಸಿದ, ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ ವಿಶೇಷ ಕೃತಜ್ಞತೆ. ಕಿಲೋ ಲೆಕ್ಕದಲ್ಲಿ ಕೂಲಿ ಇರುವಾಗ ಯಾರೂ ಗಿಡ ಬಿಟ್ಟು ಏಳುವುದಿಲ್ಲ, ಬಂದದ್ದನ್ನು ತಡೆಯುತ್ತಾರೆ. ತಡೆದಷ್ಟೂ ಕರುಳು ಮಲದ ನೀರನ್ನು ಹೀರುತ್ತದೆ, ಸಂಜೆಗೆ ಅದು ಕಲ್ಲು.

ಇನ್ನು ಬಚ್ಚಲುಮನೆ. ಸೌದೆ ಒಲೆಯ ಹಂಡೆಯಿಂದ ನೀರು ತೋಡಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಸುಡದೆ ಹಿತವಾಗಿರುವಷ್ಟಾದಾಗ ಅಗಲದ ಪ್ಲಾಸ್ಟಿಕ್ ಬೇಸಿನ್ನಿಗೆ ನಾಲ್ಕು ಬೆರಳು ಆಳ ಸುರಿದು ಕೂರಿಸಿದ ಅಜ್ಜಿಯಂದಿರು ನಮಗಿಂತ ಚೆನ್ನಾಗಿ ಹೇಳಿಕೊಟ್ಟರು. 10ರಿಂದ 15 ನಿಮಿಷ, ದಿನಕ್ಕೆ ಎರಡು ಮೂರು ಸಲ, ಒಂದು ಸಲವಾದರೂ ಶೌಚದ ನಂತರ. ಬಿಸಿಗೆ ಗುದದ್ವಾರದ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಇಳಿಯುವುದು ಅದರಿಂದ. ಉಪ್ಪು, ಡೆಟಾಲ್, ಅರಿಶಿನ ಏನೂ ಬೇಡ, ಹಸಿ ಚರ್ಮ ಉರಿಯುತ್ತದೆ. ಆಮೇಲೆ ಹಳೆಯ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ವಯಸ್ಸಾದವರು ಗೋಡೆ ಹಿಡಿದು ಏಳಲಿ, ತಲೆ ಸುತ್ತುವುದುಂಟು. ಕಕ್ಕಸಿನಲ್ಲಿ ಐದು ನಿಮಿಷ ಸಾಕು, ಫೋನ್ ಹೊರಗಿರಲಿ.

ಔಷಧಿ ಅಂಗಡಿಯವರಲ್ಲಿ ಕೆಲವರು "ಮೂರನೇ ಸಲ ಟ್ಯೂಬ್ ಕೇಳ್ತಾ ಇದ್ದೀರಿ, ಒಮ್ಮೆ ತೋರಿಸಿ" ಎಂದು ವ್ಯಾಪಾರ ಬಿಟ್ಟು ಕಳಿಸಿದರು. ಆ ಮಾತಿಗೆ ಬೆಲೆ ಕಟ್ಟಲಾಗದು. ಮರಗಟ್ಟಿಸುವ ಮುಲಾಮು ನೋವನ್ನು ಮರೆಸುತ್ತದೆ, ಊತವನ್ನು ಕರಗಿಸುವುದಿಲ್ಲ. ಸ್ಟೆರಾಯ್ಡ್ ಇರುವುದನ್ನು ಒಂದು ವಾರಕ್ಕಿಂತ ಹೆಚ್ಚು ಹಚ್ಚಿದರೆ ಚರ್ಮ ತೆಳುವಾಗುತ್ತದೆ. ರಕ್ತ ಹೋಗುತ್ತಿರುವಾಗ ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವ ಹೆಚ್ಚಬಹುದು. ಹೃದಯಕ್ಕೆಂದು ಡಾಕ್ಟರ್ ಬರೆದ ಆಸ್ಪಿರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಕೇಳಿ.

"ಒಂದೇ ಇಂಜೆಕ್ಷನ್, ಒಂದೇ ದಿನ" ಎಂಬ ಬೋರ್ಡು ನೋಡಿ ಹೋಗದೆ ಉಳಿದವರಿಗೂ ಧನ್ಯವಾದ. ಏನೆಂದು ಗೊತ್ತಿಲ್ಲದ ಸುಡುವ ದ್ರವವನ್ನು ಅಲ್ಲಿ ಚುಚ್ಚಿದರೆ ಮಾಂಸ ಕೊಳೆತು, ಮಲ ತಡೆಯುವ ಶಕ್ತಿಯೇ ಹೋಗಬಹುದು.

ನಮಗೆ ಹೆಚ್ಚು ಖುಷಿ ಕೊಟ್ಟದ್ದು, ರಕ್ತ ಕಂಡವರು "ಪೈಲ್ಸ್ ಇರಬೇಕು" ಎಂದು ಸುಮ್ಮನಾಗದೆ ಒಮ್ಮೆ ಪರೀಕ್ಷೆ ಮಾಡಿಸಿಕೊಂಡದ್ದು. ಒಳಮೂಲವ್ಯಾಧಿಯ ರಕ್ತ ಕೆಂಪಗೆ ತೊಟ್ಟಿಕ್ಕುತ್ತದೆ, ಸಾಮಾನ್ಯವಾಗಿ ನೋವಿರುವುದಿಲ್ಲ. ಗಾಜಿನಿಂದ ಕುಯ್ದಂತೆ ನೋವಾದರೆ ಅದು ಹೆಚ್ಚಾಗಿ ಗುದದ್ವಾರದ ಚರ್ಮದ ಬಿರುಕು. ನೋವಿನ ಜೊತೆ ಜ್ವರ, ಕೀವು ಇದ್ದರೆ ಬಾವು, ಅಂದೇ ಹೋಗಬೇಕು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ರಕ್ತ ಮೇಲಿನಿಂದ, ಹೊಟ್ಟೆಯ ಕಡೆಯಿಂದ ಬರುತ್ತಿರಬಹುದು. ಬಸುರಿಯರು ನುಂಗುವ ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಡಾಕ್ಟರಿಗೆ ಅದನ್ನು ಮೊದಲೇ ಹೇಳಿ. (ಕೊಡವರ ಕಕ್ಕಡ ತಿಂಗಳ 18ರಂದು ಮಾಡುವ ಮದ್ದು ಸೊಪ್ಪಿನ ಪಾಯಸ ಉಂಡ ಮಾರನೇ ದಿನ ಮೂತ್ರ ಕೆಂಪಾದರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ. ಮಲದಲ್ಲಿ ಬಿದ್ದ ರಕ್ತವನ್ನು ಅದೇ ಲೆಕ್ಕಕ್ಕೆ ಸೇರಿಸಬೇಡಿ.)

ಒಂದು ವಾರ ಮನೆಯಲ್ಲಿ ನೋಡಿಕೊಂಡರೂ ಕಡಿಮೆಯಾಗದಿದ್ದರೆ, ತೂಕ ಇಳಿಯುತ್ತಿದ್ದರೆ, ಶೌಚದ ರೂಢಿ ಬದಲಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, 45 ದಾಟಿ ಮೊದಲ ಸಲ ರಕ್ತ ಕಂಡರೆ ಕಾಯಬೇಡಿ. ರಕ್ತ ನಿಲ್ಲದೆ, ಗಡ್ಡೆಗಡ್ಡೆಯಾಗಿ ಹೋಗಿ ಕಣ್ಣು ಕತ್ತಲಿಟ್ಟರೆ ಆಂಬುಲೆನ್ಸ್‌ಗೆ 108. ಗುದದ್ವಾರದ ಅಂಚಿನಲ್ಲಿ ಕಾಫಿ ಹಣ್ಣಿನ ಗಾತ್ರದ ನೀಲಿ ಗಂಟು ಇದ್ದಕ್ಕಿದ್ದಂತೆ ಎದ್ದು ಕೂರಲಾಗದಷ್ಟು ನೋವಾದರೆ ಮೂರು ದಿನದೊಳಗೆ ತೋರಿಸಿ. ಆಗ ಹೆಪ್ಪನ್ನು ತೆಗೆದರೆ ಬೇಗ ಆರಾಮ. ಆ ಮೂರು ದಿನ ದಾಟಿದ ಮೇಲೆ ನೋವು ತಾನಾಗಿ ಇಳಿಯುತ್ತದೆ, ಬಿಸಿನೀರೇ ಸಾಕಾಗಬಹುದು. ಮನೆಯಲ್ಲಿ ಸೂಜಿ ಚುಚ್ಚಬೇಡಿ.

ಒಳಮೂಲವ್ಯಾಧಿಗೆ, ಊದಿದ್ದರ ಬುಡಕ್ಕೆ ಬಿಗಿದು ಉದುರಿಸುವ ರಬ್ಬರ್ ಬ್ಯಾಂಡ್ ಹಾಕಿಸಿಕೊಳ್ಳಿ ಎಂದು ಡಾಕ್ಟರ್ ಹೇಳಿದ್ದರೂ "ಕೊಯ್ಲು ಮುಗೀಲಿ" ಎಂದು ಮುಂದೂಡಿದವರು ಈಗ ಹೊರಡಿ. ಬ್ಯಾಂಡ್ ಹಾಕಿದ ಮೇಲೆ ಒಂದು ವಾರ, ಹತ್ತು ದಿನದೊಳಗೆ ಅದು ಕಳಚಿ ಬೀಳುವಾಗ ಸ್ವಲ್ಪ ರಕ್ತ ಹೋಗುತ್ತದೆ, ಅಪರೂಪಕ್ಕೆ ಜಾಸ್ತಿಯೂ ಹೋಗಬಹುದು. ಆ ಹತ್ತು ದಿನ ಜೂನ್‌ಗೆ ಮುಂಚೆ, ಘಾಟಿಯ ರಸ್ತೆಗೆ ಮಣ್ಣು ಕುಸಿಯುವ ಮುಂಚೆ ಕಳೆದುಹೋಗಲಿ.