ಕಾಲಿಗೊಂದು ಫೈಲು, ಎದಿಗೊಂದು ಫೈಲು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಶಾಸಕ ಸಾಹೇಬ್ರಿಗೆ ಕಲಬುರಗಿ ಜಿಲ್ಲಾದ ಒಬ್ಬ ಮತದಾರನ ಶರಣು ಶರಣಾರ್ಥಿ.

ರೋಡು, ಕುಡಿಯೋ ನೀರು, ತೊಗರಿ ರೇಟು ಎಲ್ಲಾ ಬಿಟ್ಟು ಈ ಮನಷ್ಯಾ ಕಾಲು ಬಾವಿನ ಬಗ್ಗೆ ಯಾಕ ಬರೀತಾನ ಅಂತ ನಿಮಗ ಅನಸ್ಬಹುದು, ಆದ್ರೂ ಪೂರ್ತಿ ಓದ್ರಿ.

ಎರಡು ವರ್ಷದ ಹಿಂದ ನಮ್ಮಣ್ಣ ಮುಂಬೈದಿಂದ ರಾತ್ರಿ ಬಸ್ಸಿಗೆ ಬಂದ, ಸೀಟಿನ್ಯಾಗ ಕಾಲು ಮಡಚಿ ಕುಂತವ ಬೆಳತನಕ ಎದ್ದಿಲ್ಲ. ಎರಡೇ ದಿನಕ್ಕ ಎಡಗಾಲಿನ ಮೀನಖಂಡ ಬಾತು ಕಲ್ಲಿನಂಗ ಆಯ್ತು. ನಮ್ಮ ಕಡಿ ಕಾಲು ಬಾತ್ರ ಎಲ್ಲರ ಬಾಯಾಗೂ ಒಂದೇ ಮಾತು ನೋಡ್ರಿ, ಆನಿಕಾಲು. ಮನಿಮನಿಗೆ ಬಂದು ಅದರ ಗುಳಿಗಿ ನುಂಗಸ್ತಾರಲ್ಲ, ಹಂಗಾಗಿ. ಅದರಾಗೇ ಒಂದು ವಾರ ಹೋಯ್ತು. ಆಮ್ಯಾಲ ಒಂದು ಆಸ್ಪತ್ರ್ಯಾಗ (ಹೆಸರು ಬ್ಯಾಡ, ಜಗಳಾಡ್ಲಿಕ್ಕ ಬರೀಲಿಕತ್ತಿಲ್ಲ ನಾ) ಡಾಪ್ಲರ್ ಸ್ಕ್ಯಾನ್ (ನಾಳದಾಗ ರಕ್ತ ಹರಿಯೋದು ನೋಡೋ ಸ್ಕ್ಯಾನ್) ಮಾಡಿ ಕಾಲಿನ ಒಳಗಿನ ನಾಳದಾಗ ರಕ್ತ ಹೆಪ್ಪುಗಟ್ಟ್ಯಾದ, ಇದಕ್ಕ ಡಿವಿಟಿ ಅಂತಾರ ಅಂದ್ರು. ಅದು ಕಿತ್ತು ಶ್ವಾಸಕೋಶಕ್ಕ ಹೋಗಿದ್ರ ಜೀವಕ್ಕೇ ಕುತ್ತು ಅಂತ. ಇಂಜೆಕ್ಷನ್ನು, ರಕ್ತ ತೆಳು ಮಾಡೋ ಗುಳಿಗಿ ಕೊಟ್ರು, ಬಾವು ಇಳೀತು, ಫೈಲ್ ಮುಚ್ಚಿದ್ರು. ಅವನ ಹೊಟ್ಟಿ ಸುತ್ತಳತಿ ನೋಡ್ಲಿಲ್ಲ, ಸಕ್ಕರಿ ಕೊಲೆಸ್ಟ್ರಾಲ್ ಚೆಕ್ ಮಾಡ್ಲಿಲ್ಲ, ದಿನಕ್ಕ ಎಷ್ಟು ಬೀಡಿ ಸೇದ್ತೀಯಪಾ ಅಂತನೂ ಯಾರೂ ಕೇಳ್ಲಿಲ್ಲ. ಒಂಬತ್ತು ತಿಂಗಳಿಗೆ ಹಾರ್ಟ್ ಅಟ್ಯಾಕ್. ಬ್ಯಾರೆ ಆಸ್ಪತ್ರಿ, ಬ್ಯಾರೆ ಫೈಲ್. ಉಳಕೊಂಡಾನ, ಸ್ಟೆಂಟ್ ಹಾಕ್ಯಾರ.

ಅಲ್ಲಿ ಡಾಕ್ಟ್ರು ಕಾಲಿನ ಕಥಿ ಕೇಳಿ ತಲಿ ಅಲ್ಲಾಡಿಸಿದಾಗಲೇ ನನಗ ಹುಳ ಹೊಕ್ಕಿದ್ದು. ಓದ್ಲಿಕ್ಕ ಶುರು ಮಾಡ್ದೆ. ಮೊದಲಿಂದ ಡಾಕ್ಟರ್‌ಗಳು ಕಾಲಿನ ಹೆಪ್ಪು, ಹಾರ್ಟ್ ಅಟ್ಯಾಕ್ ಎರಡನ್ನೂ ಬ್ಯಾರೆ ಬ್ಯಾರೆ ಅಂತ ಹಿಡಿದಿದ್ರು, ಅದಕ್ಕ ಕಾರಣನೂ ಅದ, ಹೃದಯದ ನಾಳದಾಗ ಗೋಡಿಗೆ ಕೊಬ್ಬು ಕುಂತು ಅದು ಒಡೆದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಸೋ ಕಣ) ಅಂಟಿಕೊಂಡು ಬಂದ್ ಆಗ್ತದ, ಕಾಲಿನ್ಯಾಗ ರಕ್ತ ವಾಪಸ್ ಮ್ಯಾಲ ಒಯ್ಯೋ ನಾಳದಾಗ ಹರಿವು ನಿಧಾನಾಗಿ ಹಾಲು ಹೆಪ್ಪಾದಂಗ ಕಟ್ತದ. ಔಷಧಿನೂ ಬ್ಯಾರೆ. ಆದ್ರ 2003ರಾಗ ಇಟಲಿ ಡಾಕ್ಟರ್‌ಗಳು ನೋಡಿದ್ರು, ಕಾರಣಾನೇ ಗೊತ್ತಿಲ್ದ ಡಿವಿಟಿ ಆದವರ ಕುತ್ತಿಗಿ ನಾಳದಾಗ ಕೊಬ್ಬು ಕುಂತಿದ್ದು ಬ್ಯಾರೆಯವರಿಗಿಂತ ಜಾಸ್ತಿ. 2007ರಾಗ ಡೆನ್ಮಾರ್ಕ್‌ದವರು 20 ವರ್ಷದ ದಾಖಲಿ ತೆಗೆದು ಹೇಳಿದ್ರು, ಹಿಂಗ ಹೆಪ್ಪು ಕಟ್ಟಿದವರಿಗೆ ಮುಂದ ಹಾರ್ಟ್ ಅಟ್ಯಾಕು, ಲಕ್ವಾ ಆಗೋ ಸಾಧ್ಯತಾ ಹೆಚ್ಚು, ಅದರಾಗೂ ಮೊದಲನೇ ವರ್ಷ. ನಮ್ಮಣ್ಣ ಒಂಬತ್ತನೇ ತಿಂಗಳು!

ಕಾಲಿನ ಹೆಪ್ಪೇ ಎದಿಗೆ ಹೋಗಿ ಅಟ್ಯಾಕ್ ಮಾಡ್ತದ ಅಂತಲ್ರಿ, ಬೇರು ಎರಡಕ್ಕೂ ಕೂಡೇದ ಅಷ್ಟ. ವಯಸ್ಸು, ಬೊಜ್ಜು, ಬೀಡಿ ಸಿಗರೇಟು, ಈ ಮೂರು ಎರಡಕ್ಕೂ ಪಕ್ಕಾ. ಬಿಪಿ, ಸಕ್ಕರಿ ಹೃದಯಕ್ಕ ವೈರಿ ಅನ್ನೋದರಾಗ ಅನುಮಾನ ಇಲ್ಲ, ಕಾಲಿನ ಹೆಪ್ಪಿಗೆ ಅವು ಎಷ್ಟು ಕಾರಣ ಅನ್ನೋದ್ರಾಗ ಮಾತ್ರ ವಾದ ನಡದಾದ. ಕಾಲಿನ ಹೆಪ್ಪಿಗೆ ಬ್ಯಾರೆ ಕಾರಣನೂ ಅವ, ನಾಕು ತಾಸಿಗಿಂತ ಹೆಚ್ಚು ಅಲುಗಾಡ್ದ ಪ್ರಯಾಣ ಮಾಡೋದು, ಆಪರೇಷನ್ ಆಗಿ ಮಲಗೋದು, ಹಡದ ಮ್ಯಾಲಿನ ಆರು ವಾರ. ನಮ್ಮಲ್ಲಿ ಬಾಣಂತಿನ ಹೊರಸಿನಿಂದ ಕೆಳಗ ಇಳಿಸಂಗೇ ಇಲ್ಲ, ಅದನ್ನ ಅಮ್ಮಂದಿರಿಗೆ ಯಾರು ಹೇಳಬೇಕೋ! ಮತ್ತ ತಂಬಾಕಿನ ಮಾತು ಬಂದ್ರ ಗುಟ್ಕಾ, ನಮ್ಮ ರಾಜ್ಯದಾಗ 2013ರಾಗೇ ಬ್ಯಾನ್ ಆಗ್ಯಾದ ಅಂತಾರ, ಪಾನ್ ಮಸಾಲಾ ಒಂದು ಚೀಟು ತಂಬಾಕ ಒಂದು ಚೀಟು ಮಾಡಿ ಡಬ್ಬಿ ಅಂಗಡ್ಯಾಗ ತೂಗು ಹಾಕ್ಯಾರ, ನಿಮ್ಮ ಆಫೀಸ್ ಎದುರಿನ ಅಂಗಡಿನೂ ನೋಡ್ರಿ ಬೇಕಾದ್ರ.

ಸಾಹೇಬ್ರ, ಸರ್ಕಾರ ಏನೂ ಮಾಡಿಲ್ಲ ಅಂತ ನಾ ಅನ್ನಂಗಿಲ್ಲ. ಕಲಬುರಗಿಗೆ 371 ಬೆಡ್ಡಿನ ಜಯದೇವ ಹೃದ್ರೋಗ ಆಸ್ಪತ್ರಿ ಬಂತು 2024ರಾಗ, ಹೃದಯ ಜ್ಯೋತಿ ಯೋಜನಾದಾಗ ತಾಲೂಕು ಆಸ್ಪತ್ರ್ಯಾಗ ಅಟ್ಯಾಕ್ ಆದವರಿಗೆ ತುಟ್ಟಿ ಇಂಜೆಕ್ಷನ್ ಫ್ರೀ ಕೊಡ್ತಾರ. ಇವೆಲ್ಲಾ ಅಟ್ಯಾಕ್ ಆದಮ್ಯಾಲಿನ ಮಾತು. ನಾ ಕೇಳೋದು ಒಂಬತ್ತು ತಿಂಗಳು ಮೊದಲಿಂದು. ಕಾಲಿನ್ಯಾಗ ಹೆಪ್ಪು ಅಂತ ಬಂದವರನ್ನ ಕಳಸೋ ಮುಂದ ಅದೇ ಕಾಗದದ ಮ್ಯಾಲ ಬಿಪಿ, ಸಕ್ಕರಿ, ಕೊಲೆಸ್ಟ್ರಾಲ್, ತಂಬಾಕು ಅದನೋ ಇಲ್ಲೋ, ಸೊಂಟದ ಅಳತಿ (ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರ್ದು) ಬರೀಲಿ, ಪಕ್ಕದ ಎನ್‌ಸಿಡಿ ಕ್ಲಿನಿಕ್‌ಗೆ (ಬಿಪಿ, ಸಕ್ಕರಿ ಅಂಥಾ ಅಂಟದ ರೋಗ ನೋಡೋ ಸರ್ಕಾರಿ ಕ್ಲಿನಿಕ್) ಕಳಸ್ಲಿ. ಕ್ಲಿನಿಕ್ ಅದ, ಬಿಪಿ ಮಷೀನ್ ಅದ, ಟೇಪ್ ಹತ್ತು ರೂಪಾಯಿಗೆ ಸಿಗ್ತದ. ಹೊಸಾ ಬಿಲ್ಡಿಂಗ್ ಬ್ಯಾಡ್ರಿ, ಅಡಿಗಲ್ಲು ಇಡೋದು ಇಲ್ಲ ಇದರಾಗ, ಅದಕ್ಕೇ ಯಾರಿಗೂ ಆಸಕ್ತಿ ಬರಂಗಿಲ್ಲೇನೋ. ಮತ್ತ ಕಾಲು ಬಾತವರು ಬಂದ್ರ ಆನಿಕಾಲು ಅಂತ ಸುಮ್ನಾಗ್ದ, ಒಂದೇ ಕಾಲು ಜಲ್ದಿ ಬಾತು ನೋವಾದ್ರ ಅವತ್ತೇ ಡಾಪ್ಲರ್‌ಗೆ ಕಳಸ್ರಿ ಅಂತ ಆಶಾ ಅಕ್ಕಂದಿರಿಗೆ ಒಂದು ದಿನ ಟ್ರೇನಿಂಗ್ ಕೊಡಸ್ರಿ.

ಮುಂದಿನ ಕೆಡಿಪಿ ಮೀಟಿಂಗ್‌ನ್ಯಾಗ (ಇಲಾಖೆಗಳ ಕೆಲಸ ಪರಿಶೀಲನಾ ಮಾಡೋ ಸಭಾ) ತಾಲೂಕು ಆರೋಗ್ಯ ಅಧಿಕಾರಿಗೆ ಇದೊಂದು ಪ್ರಶ್ನಿ ಕೇಳ್ರಿ ಸಾಕು. ಟೈಮ್ ಕೊಟ್ರ ಅಣ್ಣನ ಎರಡೂ ಫೈಲ್ ತಗೊಂಡು ನಾನೇ ಬರ್ತೀನಿ, ಮಂಗಳವಾರ ಒಂದು ಬಿಡ್ರಿ, ಅವತ್ತು ಅವನ್ನ ಚೆಕಪ್‌ಗೆ ಕರಕೊಂಡು ಹೋಗೋದದ.