ಸಚಿವರೇ, ಫಿಲ್ಟರ್ ಹಾಕಿ, ಆದರೆ ಫೋನ್ ಎತ್ತುವವರು ಯಾರು ಅಂತಲೂ ಹೇಳಿ

ಮಾನ್ಯ ಸಚಿವರೇ,

ಇಡೀ ದೇಶದ ಇಂಟರ್ನೆಟ್‌ಗೆ ಬೇಡದ ಸೈಟುಗಳನ್ನು ತಡೆಯುವ ಒಂದೇ ಫಿಲ್ಟರ್ ಹಾಕಿದರೆ ಮಕ್ಕಳ ಚಿಂತೆ ಮುಗಿಯಿತು ಅಂತ ನೀವು ಹೇಳುತ್ತಿದ್ದೀರಿ. ನಾನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು, ಅಲ್ಲಿನ ಫಿಲ್ಟರ್ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂದಿದೆ. ಹಾಗಾಗಿ ಫಿಲ್ಟರೇ ಬೇಡ ಅನ್ನುವವಳಲ್ಲ. ಚಿಕ್ಕ ಮಕ್ಕಳು ಏನೋ ಹುಡುಕಲು ಹೋಗಿ ಇನ್ನೇನೋ ನೋಡಿ ಬೆಚ್ಚಿಬೀಳುವುದು ಅದರಿಂದ ಎಷ್ಟೋ ತಪ್ಪಿದೆ. ಪಾಸ್‌ವರ್ಡ್ ಕದಿಯುವ ನಕಲಿ ಸೈಟುಗಳನ್ನು ತಡೆದರೆ ದೊಡ್ಡವರಿಗೂ ಒಳ್ಳೆಯದೇ.

ಆದರೆ ಫಿಲ್ಟರ್‌ಗೆ ಇರುವುದು ತಡೆಯಬೇಕಾದ ಹೆಸರು, ಪದಗಳ ಪಟ್ಟಿ, ಬುದ್ಧಿಯಲ್ಲ. ನಮ್ಮ ಹುಡುಗಿಯೊಬ್ಬಳು ಸ್ತನ ಕ್ಯಾನ್ಸರ್ ಬಗ್ಗೆ ಓದಲು ಹೊರಟಳು. ಸೈಟೇ ತೆರೆಯಲಿಲ್ಲ. ತಾನೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಅವಳು ಸುತ್ತ ನೋಡಿದ್ದು ನನಗಿನ್ನೂ ಮರೆತಿಲ್ಲ. ಎರಡು ನಿಮಿಷದಲ್ಲಿ ತೆರೆದುಕೊಟ್ಟೆ, ಪಕ್ಕದಲ್ಲೇ ಇದ್ದೆನಲ್ಲ! ನಿಮ್ಮ ಫಿಲ್ಟರಿನಲ್ಲಿ ಆ ಎರಡು ನಿಮಿಷದ ಕೆಲಸ ಯಾರದು?

ಇದು ಹೊಸ ರೋಗವೂ ಅಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ, ಯಾಕೆಂದರೆ ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನೊಳಗೇ ಒಂದು ಬೈಗುಳ ಅಡಗಿತ್ತು. ನಗು ಬರುತ್ತದೆ, ಅಲ್ವಾ? 2018ರಲ್ಲಿ ಟೆಲಿಗ್ರಾಂ ತಡೆಯಲು ಹೊರಟ ರಷ್ಯಾ, ಅಮೆಜಾನ್ ಮತ್ತು ಗೂಗಲ್‌ನ ಲಕ್ಷಗಟ್ಟಲೆ ಐಪಿ ವಿಳಾಸಗಳನ್ನು (ನೆಟ್‌ನಲ್ಲಿ ಕಂಪ್ಯೂಟರ್‌ಗಳ ಮನೆ ನಂಬರ್ ಇದ್ದಂತೆ) ಮುಚ್ಚಿತು. ಅದೇ ವಿಳಾಸಗಳಲ್ಲಿದ್ದ, ಸಂಬಂಧವೇ ಇಲ್ಲದವರ ಸೈಟುಗಳು ಬಿದ್ದವು, ಟೆಲಿಗ್ರಾಂ ಮಾತ್ರ ಓಡುತ್ತಲೇ ಇತ್ತು, ಕೊನೆಗೆ 2020ರಲ್ಲಿ ನಿಷೇಧವನ್ನೇ ತೆಗೆದರು. ಇನ್ನು ಎಚ್‌ಟಿಟಿಪಿಎಸ್, ಅಂದರೆ ಸೈಟಿಗೂ ನಮಗೂ ನಡುವೆ ಹೋಗುವುದನ್ನು ಗುಟ್ಟಾಗಿಸುವ ವ್ಯವಸ್ಥೆ, ಬಂದ ಮೇಲೆ ದಾರಿಯಲ್ಲಿ ಕೂತ ಫಿಲ್ಟರ್‌ಗೆ ಸೈಟಿನ ಹೆಸರು ಕಾಣಬಹುದು, ಒಳಗಿನ ಪುಟ ಕಾಣುವುದಿಲ್ಲ. ಒಂದು ಕೆಟ್ಟ ಪುಟಕ್ಕಾಗಿ ಇಡೀ ಸೈಟ್ ಮುಚ್ಚಬೇಕು, ಇಲ್ಲವೇ ಬಿಡಬೇಕು. ಮುಚ್ಚಿದರೂ, ತಡೆಯನ್ನು ಬಳಸಿಕೊಂಡು ಬೇರೆ ದಾರಿಯಿಂದ ಸೈಟಿಗೆ ಹೋಗಲು ಬಿಡುವ ವಿಪಿಎನ್ ಇದೆ. ಅದನ್ನು ಹಾಕಿಕೊಳ್ಳುವುದು ಹೇಗೆ ಅಂತ ನನಗೆ ಹೇಳಿಕೊಟ್ಟವರು ಒಂಬತ್ತನೇ ಕ್ಲಾಸಿನ ಹುಡುಗರು.

ಮಕ್ಕಳ ಫಿಲ್ಟರ್ ಮಕ್ಕಳ ಫೋನಿನಲ್ಲಿ, ಶಾಲೆಯಲ್ಲಿ ಇರಲಿ, ಬೀಗದ ಕೈ ಹತ್ತಿರದ ದೊಡ್ಡವರ ಬಳಿ ಇರಲಿ. ದೇಶದ ಪಟ್ಟಿ ಚಿಕ್ಕದಿರಲಿ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳಿರುವ ಸೈಟುಗಳ ಹೆಸರು ಗುಟ್ಟಾಗಿರಬೇಕು, ಅದು ಸರಿ. ಉಳಿದದ್ದನ್ನು ಯಾಕೆ ಮುಚ್ಚಿದಿರಿ ಅಂತ ಬರೆದು ಹಾಕಿ. ಸುಮ್ನೆ ಮುಚ್ಚಿದರೆ ನೆಟ್ ಕೆಟ್ಟಿದೆ ಅಂದುಕೊಂಡು ಜನ ಮೊಬೈಲ್ ಆಫ್ ಮಾಡಿ ಆನ್ ಮಾಡುತ್ತ ಕೂರುತ್ತಾರೆ. ದೂರಿಗೆ ಒಂದು ನಂಬರ್ ಕೊಡಿ, ಎತ್ತುವುದು ಮನುಷ್ಯರಾಗಿರಲಿ.

ಇಂತಿ,
ಒಬ್ಬ ಕಂಪ್ಯೂಟರ್ ಟೀಚರ್